ಒಡೆಯುವ ಗಳಿಗೆಯನ್ನು ಕಂಡವನು

ನಮ್ಮ ಬಾಳ್ಳುಪೇಟೆಯ ಕಡೆ ಈಡುಗಾಯಿ ಒಡೆಯುವುದನ್ನು ನೋಡದವರಿಲ್ಲ. ಕೈಯಲ್ಲಿದ್ದಾಗ ಕಾಯಿ ಇಡಿಯಾಗಿರುತ್ತದೆ. ಕಲ್ಲಿಗೆ ಬಿದ್ದೊಡನೆ ಹೋಳುಗಳು ಸುತ್ತಲೂ ಚೆಲ್ಲಿರುತ್ತವೆ. ಇವೆರಡರ ನಡುವೆ ನಡೆದುದನ್ನು ಮಾತ್ರ ಯಾರ ಕಣ್ಣೂ ಕಂಡಿಲ್ಲ. ಅಂತಹ ನಡುವಣ ಗಳಿಗೆಯನ್ನು ಹಿಡಿದು ಲೋಕಕ್ಕೆ ತೋರಿಸಿದವನು ಅಮೆರಿಕದ ಹೆರಾಲ್ಡ್ ಎಡ್ಜರ್ಟನ್.

ಇವನು 1903ರಲ್ಲಿ ನೆಬ್ರಾಸ್ಕ ಸಂಸ್ಥಾನದಲ್ಲಿ ಹುಟ್ಟಿ, ಅರೋರ ಎಂಬ ಚಿಕ್ಕ ಊರಿನಲ್ಲಿ ಬೆಳೆದನು. ಹುಡುಗನಾಗಿದ್ದಾಗಲೇ ವಿದ್ಯುತ್ ಕಂಪನಿಯಲ್ಲಿ ದುಡಿದನು. ಇಂಜಿನಿಯರಿಂಗ್ ಪದವಿಯ ತರುವಾಯ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಮುಂದೆ ಅದೇ ಅವನ ಮನೆಯಾಯಿತು.

ಅಲ್ಲಿ ಮೋಟಾರುಗಳ ಅಭ್ಯಾಸ ಮಾಡುತ್ತಿದ್ದಾಗ, ಮಿನುಗುವ ಬೆಳಕು ಅವುಗಳ ವೇಗಕ್ಕೆ ಹೊಂದಿಕೊಂಡರೆ ತಿರುಗುವ ಚಕ್ರ ನಿಂತಂತೆಯೇ ಕಾಣುವುದು ಅವನ ಗಮನಕ್ಕೆ ಬಿತ್ತು. ಕ್ಯಾಮರಾದ ಬಾಗಿಲನ್ನು ಎಷ್ಟು ಬೇಗ ಮುಚ್ಚಿದರೂ ಸಾಲದು. ಕತ್ತಲೆಯಲ್ಲಿ ಅದು ತೆರೆದೇ ಇರಲಿ, ಬೆಳಕು ಮಾತ್ರ ಮಿಂಚಿ ಮರೆಯಾಗಲಿ ಎಂಬುದು ಅವನು ಹಿಡಿದ ದಾರಿ. ಅನಿಲ ತುಂಬಿದ ಗಾಜಿನ ಕೊಳವೆಯಲ್ಲಿ, ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಹರಿಸಿ, ಸೆಕೆಂಡಿನ ಕೆಲವೇ ದಶಲಕ್ಷಾಂಶಗಳ ಮಿಂಚನ್ನು ಪಡೆದನು.

1964ರಲ್ಲಿ ತೆಗೆದ ಸೇಬಿನ ಚಿತ್ರವನ್ನೇ ನೋಡಿರಿ. ಬಂದೂಕಿನ ಸದ್ದೇ ಮೈಕ್ರೊಫೋನಿನ ಮೂಲಕ ದೀಪವನ್ನು ಬೆಳಗಿಸಬೇಕು, ಅಂತಹ ಏರ್ಪಾಡು. ಗುಂಡು ಹೊಕ್ಕ ಕಡೆ ತಿರುಳು ಒಳಕ್ಕೆ ಕುಸಿದಿರಬೇಕೆಂದು ನಾವು ಎಣಿಸುತ್ತೇವಲ್ಲವೆ? ಇಲ್ಲ, ಹೊರಬಿದ್ದ ಕಡೆಯಂತೆ ಹೊಕ್ಕ ಕಡೆಯೂ ಅದು ಹೊರಕ್ಕೇ ಚಿಮ್ಮಿದೆ! ಸಿಪ್ಪೆ ಇನ್ನೂ ದುಂಡಗಿದೆ. ಮರುಗಳಿಗೆಯಲ್ಲಿ ಹಣ್ಣು ನುಚ್ಚುನೂರಾಯಿತು.

ಹಾಲಿನ ಹನಿ ಬಿದ್ದು ಒಡೆದು ಕಿರೀಟದಂತೆ ಏಳುವ ಚಿತ್ರ ಇನ್ನೂ ಪ್ರಸಿದ್ಧವಾದುದು. ಅದರ ಮೊದಲಿನ ಒಂದು ರೂಪವು 1937ರಲ್ಲಿಯೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿತ್ತು. ಆದರೆ ಜಗತ್ತು ಮೆಚ್ಚಿದ ವರ್ಣಚಿತ್ರ 1957ರದು. ತಾನು ಕಲಾವಿದನಲ್ಲ, ಸಂಗತಿಯನ್ನು ಮಾತ್ರ ಬಯಸುವ ಇಂಜಿನಿಯರನೆಂದು ಅವನು ಸಾಧಿಸುತ್ತಿದ್ದನು. ಈ ಒಂದು ಮಾತನ್ನು ನಾನು ಒಪ್ಪಲಾರೆ. ಸಂಗತಿ ತಿಳಿಯಲು ಒಂದು ಚಿತ್ರ ಸಾಕು. ಕಿರೀಟ ಚೆನ್ನಾಗಿ ಮೂಡಲೆಂದು ಇಪ್ಪತ್ತು ವರ್ಷ ಹನಿ ಬೀಳಿಸುವವನು ಮತ್ತಾರು?

ಇದೇ ಮಿಂಚು ಯುದ್ಧಕ್ಕೂ ಹೋಯಿತು. 1944ರಲ್ಲಿ ನಾರ್ಮಂಡಿಯ ದಾಳಿಗೆ ಮೊದಲು ವಿಮಾನದಿಂದ ಇರುಳಿನಲ್ಲಿ ಚಿತ್ರ ತೆಗೆಯಲು ಅವನ ದೀಪಗಳು ಒದಗಿದವು. ಆಮೇಲೆ ಅಣುಬಾಂಬಿನ ಪರೀಕ್ಷೆಗಳು ಬಂದವು. ಅಲ್ಲಿ ದೀಪವೇ ಬೇಡ, ಸ್ಫೋಟವೇ ಬೆಳಕು! ಆದ್ದರಿಂದ ಅತಿ ವೇಗವಾಗಿ ತೆರೆದು ಮುಚ್ಚುವ ಬೇರೆ ಕ್ಯಾಮರಾವನ್ನೇ ಅವನೂ ಜೊತೆಗಾರರೂ ನಿರ್ಮಿಸಿದರು. ಆ ಚಿತ್ರಗಳಲ್ಲಿ ಬೆಂಕಿಯ ಉಂಡೆ ಹಾಲಿನ ಹನಿಯಂತೆಯೇ ನಿಶ್ಚಲವಾಗಿ ಕಾಣುತ್ತದೆ. ಅದನ್ನು ಚೆಲುವೆನ್ನಲು ನನಗೆ ಬಾಯಿ ಬಾರದು.

1953ರಿಂದ ಕುಸ್ಟೋನೊಡನೆ ಸಮುದ್ರದ ಆಳವನ್ನೂ ಬೆಳಗಿದ ಎಡ್ಜರ್ಟನ್, 1990ರ ಜನವರಿ 4ರಂದು ತನ್ನ ವಿದ್ಯಾಲಯದಲ್ಲಿಯೇ ತೀರಿಕೊಂಡನು.