ಮತಾಧಿಕಾರದ ಪ್ರತಿಪಾದಕ ಡಾ. ಅಂಬೇಡ್ಕರ್

ಅಕ್ಷರ ಬಾರದವನಿಗೆ ರಾಜ್ಯಭಾರದ ಗೊಡವೆ ಏಕೆಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ವಿದ್ಯಾದಾನವನ್ನೇ ವ್ರತವಾಗಿ ಕೈಕೊಂಡ ಸಂಸ್ಥೆಯ ಬಳಗದವರಾದ ನಾವು, ಆ ಪ್ರಶ್ನೆಗೆ ಉತ್ತರವಿತ್ತ ಮಹನೀಯರೊಬ್ಬರ ಚರಿತೆಯನ್ನು ಸ್ಮರಿಸುವುದು ಉಚಿತವಾಗಿದೆ.

ಭೀಮರಾವ್ ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಹೂ ಎಂಬಲ್ಲಿ ಸುಬೇದಾರ ರಾಮಜಿಯವರ ಮಗನಾಗಿ ಜನಿಸಿದರು. ಶಾಲೆಯಲ್ಲಿ ಅವರಿಗೆ ಮನೆಯಿಂದ ತಂದ ಗೋಣಿತಟ್ಟೇ ಆಸನ. ಜವಾನನು ನೀರೆರೆದರೆ ಉಂಟು, ಇಲ್ಲದಿದ್ದರೆ ದಾಹವೇ ಗತಿ. ಆ ಬಾಲಕನೇ ಬರೋಡೆಯ ಮಹಾರಾಜರ ನೆರವಿನಿಂದ 1913ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿ, ಮುಂದೆ ಲಂಡನ್ನಿನಲ್ಲಿಯೂ ವ್ಯಾಸಂಗಗೈದು ಘನ ವಿದ್ವಾಂಸರಾದರು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳನ್ನೊಳಗೊಂಡ ಅಂದಿನ ವಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಶಾಸನಸಭೆಗೆ ಅವರು 1927ರಲ್ಲಿ ಸದಸ್ಯರಾದರು. ಆಗ ಮತಾಧಿಕಾರವು ಬಹುಮಟ್ಟಿಗೆ ಕಂದಾಯ ಸಲ್ಲಿಸುವ ಆಸ್ತಿವಂತರ ಸೊತ್ತು. ಹೊಲವಿಲ್ಲದ ಕೂಲಿಗೂ ಬಡ ನೇಕಾರನಿಗೂ ಅದು ನಿಲುಕುತ್ತಿರಲಿಲ್ಲ. 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ವಯಸ್ಕರೆಲ್ಲರಿಗೂ ಮತ ಬೇಕೆಂದು ಸಾರಿದರು. ಓದುಬರಹವೇ ಅರ್ಹತೆಯಾಗಲೆಂಬ ವಾದವನ್ನು 1929ರ ತಮ್ಮ ಪ್ರತ್ಯೇಕ ವರದಿಯಲ್ಲಿ ಖಂಡಿಸಿದರು. ನಿರಕ್ಷರಿಯಾದ ಮಾತ್ರಕ್ಕೆ ಯಾರೂ ಅವಿವೇಕಿಯಲ್ಲ. ವಿದ್ಯೆಯ ಬಾಗಿಲನ್ನು ಮುಚ್ಚಿದ ಸಮಾಜವೇ, ವಿದ್ಯೆಯಿಲ್ಲವೆಂದು ಮತವನ್ನೂ ನಿರಾಕರಿಸಿದರೆ ಮಾಡದ ತಪ್ಪಿಗೆ ಎರಡು ದಂಡ ವಿಧಿಸಿದಂತಾಗುವುದೆಂಬುದು ಅವರ ನಿಲುವಿನ ಸಾರ.

ಅವರು ವಿದ್ಯಾರ್ಥಿಯಾಗಿದ್ದ ಅಮೆರಿಕೆಯಲ್ಲಿಯೇ, ದಕ್ಷಿಣದ ಹಲವು ರಾಜ್ಯಗಳು ಓದುಬರಹದ ಪರೀಕ್ಷೆಯನ್ನೊಡ್ಡಿ ಕಪ್ಪು ಜನಾಂಗದವರನ್ನು ಮತಗಟ್ಟೆಯಿಂದ ದೂರವಿಟ್ಟಿದ್ದವು. ಮಾರ್ಟಿನ್ ಲೂಥರ್ ಕಿಂಗ್ ಮೊದಲಾದವರ ಹೋರಾಟದ ಫಲವಾಗಿ 1965ರ ಕಾಯಿದೆಯು ಆ ಪರೀಕ್ಷೆಗೆ ತಡೆಯೊಡ್ಡಿತು. ನಮ್ಮಲ್ಲಿಯಾದರೋ, ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿ ಶ್ರಮಿಸಿದ ಸಂವಿಧಾನದ 326ನೆಯ ವಿಧಿಯು ಮೊದಲಿನಿಂದಲೇ ಆಸ್ತಿ, ಅಕ್ಷರಗಳ ಎಣಿಕೆಯಿಲ್ಲದೆ ವಯಸ್ಕರಿಗೆ ಮತವನ್ನಿತ್ತಿತು.

ಆದರೆ ಹಕ್ಕಿದ್ದರೂ ಯಾದಿಯಲ್ಲಿ ಹೆಸರಿಲ್ಲದಿದ್ದರೆ ಫಲವಿಲ್ಲ. 1951-52ರ ಪ್ರಥಮ ಮಹಾಚುನಾವಣೆಯಲ್ಲಿ, ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದ ಸುಮಾರು 28 ಲಕ್ಷ ಸ್ತ್ರೀಯರು ಮತದಾರರ ಯಾದಿಯಿಂದ ಹೊರಗುಳಿದರು.

1956ರ ಡಿಸೆಂಬರ್ 6ರಂದು ಅಂಬೇಡ್ಕರರು ದೆಹಲಿಯಲ್ಲಿ ಕಾಲವಶರಾದರು. ಅವರು ಬಿಟ್ಟುಹೋದ ಕಾರ್ಯವು ನಮ್ಮ ಮನೆಬಾಗಿಲಲ್ಲಿಯೇ ಇದೆ. ದುಡಿಮೆಗಾಗಿ ಗೋವೆ, ಮಂಗಳೂರುಗಳಿಗೆ ವಲಸೆ ಹೋಗುವ ನಮ್ಮ ಸೀಮೆಯ ಬಡವರ ಹೆಸರು ಯಾದಿಯಲ್ಲಿ ಉಳಿದಿದೆಯೇ? ಹದಿನೆಂಟು ತುಂಬಿದ ನಮ್ಮ ವಿದ್ಯಾರ್ಥಿಗಳು ನಮೂನೆ 6ನ್ನು ತುಂಬಿದ್ದಾರೆಯೇ? ಇದನ್ನು ವಿಚಾರಿಸುವುದು ಅಕ್ಷರ ಬಲ್ಲವರ ಋಣ. ಕಾಯಕಜೀವಿಗಳೆಲ್ಲರನ್ನೂ ಅನುಭವ ಮಂಟಪದಲ್ಲಿ ಸಮಾನವಾಗಿ ಕೂಡಿಸಿದ ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮವು ಹುನಗುಂದದ ನೆಲದಲ್ಲಿಯೇ ಇರುವಾಗ, ಈ ಋಣವನ್ನು ನಾವು ಮರೆಯಲಾಗದು.