ಸಸ್ಯಗಳಿಗೆ ಹೆಸರು ಹುಡುಕಿದ ಬಿ.ಜಿ.ಎಲ್.ಸ್ವಾಮಿ

ಕೊಪ್ಪಳ: ಮುಂಗಾರು ಮಳೆ ನಾಲ್ಕು ದಿನ ಹಿಡಿದರೆ ಸಾಕು, ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಂಡೆಗಳ ನೆರಳಿನಲ್ಲಿ, ಹಳೆಯ ಕೋಟೆಗೋಡೆಗಳ ಬಿರುಕುಗಳಲ್ಲಿ ಹಾವಸೆ ಹಸಿರಾಗುತ್ತದೆ. ಬಿಸಿಲೇರಿದರೆ ಕಪ್ಪಾಗಿ ಮುದುಡುತ್ತದೆ. ಹೂವು, ಬೀಜ, ನಿಜವಾದ ಬೇರು ಇಲ್ಲದ ಈ ಸಸ್ಯಗಳಲ್ಲಿ ಹಲವು ಪ್ರಭೇದಗಳಿವೆ. ಆದರೆ ಜನರ ಬಾಯಲ್ಲಿ ಎಲ್ಲವೂ ಪಾಚಿಯೇ. ಕಾಲಡಿಯ ಇಂತಹ ಸಸ್ಯವನ್ನೂ ಗುರುತಿಸಿ ದಾಖಲಿಸಬೇಕೆಂಬ ಆಸಕ್ತಿಯನ್ನು ಕನ್ನಡಿಗರಲ್ಲಿ ಮೂಡಿಸಿದವರಲ್ಲಿ ಡಾ. ಬಿ.ಜಿ.ಎಲ್.ಸ್ವಾಮಿ ಪ್ರಮುಖರು.

1918ರ ಫೆಬ್ರುವರಿ 5ರಂದು ಜನಿಸಿದ ಸ್ವಾಮಿ, ಡಿ.ವಿ.ಗುಂಡಪ್ಪ ಅವರ ಪುತ್ರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಅಭ್ಯಸಿಸಿದ ಅವರು, ಆರ್ಕಿಡ್‌ಗಳ ಭ್ರೂಣಶಾಸ್ತ್ರದ ಸಂಶೋಧನೆಯಿಂದ ಹೆಸರಾದರು. ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಕೆಲಸ ಮಾಡಿದರು.

ದಕ್ಷಿಣ ಭಾರತದ ಸಸ್ಯವೊಂದನ್ನು 1953ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ಸ್ವಾಮಿ, ಅದಕ್ಕೆ ಗುರುವಿನ ಹೆಸರನ್ನೇ ಇಟ್ಟರು. ಸಾರ್ಕಾಂಡ್ರ ಕುಲಕ್ಕೆ ಸೇರಿದ ಈ ಸಸ್ಯದಲ್ಲಿ ನೀರು ಸಾಗಿಸುವ ನಾಳಗಳಿಲ್ಲ ಎಂಬುದು ಅವರ ನಿಲುವಾಗಿತ್ತು. ಅದೇ ಕುಲದ ಸಸ್ಯದ ಬೇರಿನಲ್ಲಿ ನಾಳಗಳಿರುವುದು 1987ರ ಸಂಶೋಧನೆಯಿಂದ ತಿಳಿದುಬಂತು. ಮೊದಲ ದಾಖಲೆ ಇದ್ದುದರಿಂದಲೇ ತಿದ್ದುಪಡಿ ಸಾಧ್ಯವಾಯಿತು ಎಂಬುದು ಗಮನಾರ್ಹ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದ ಅವರು, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದರು. ಆ ಪ್ರವಾಸಗಳ ಫಲವೇ 'ಹಸುರು ಹೊನ್ನು'. ಸಸ್ಯಗಳ ಹೆಸರು, ಗುಣ, ಉಪಯೋಗಗಳ ಜತೆಗೆ ವಿದ್ಯಾರ್ಥಿಗಳ ತುಂಟಾಟಗಳೂ ಅಲ್ಲಿವೆ. ಚಿತ್ರಗಳನ್ನು ಸ್ವಾಮಿ ಅವರೇ ಬರೆದರು. ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1980ರ ನವೆಂಬರ್ 2ರಂದು ಅವರು ನಿಧನರಾದರು.

ಸ್ವಾಮಿ ಅಲೆದದ್ದು ಹೆಚ್ಚಾಗಿ ಮಳೆಕಾಡುಗಳಲ್ಲಿ. ಆದರೆ ಅವರ ಕ್ರಮ ಬಯಲುಸೀಮೆಗೂ ಸಲ್ಲುತ್ತದೆ. ಹಾವಸೆಯನ್ನು ದಾಖಲಿಸಲು ದೊಡ್ಡ ಖರ್ಚಿಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರುವ ಭೂತಗನ್ನಡಿ, ಕಾಗದದ ಪೊಟ್ಟಣ ಇದ್ದರೆ ಆರಂಭಿಸಬಹುದು. ಪೊಟ್ಟಣದ ಮೇಲೆ ಊರು, ದಿನಾಂಕ, ಬೆಳೆದದ್ದು ಕಲ್ಲಿನ ಮೇಲೋ ಮರದ ತೊಗಟೆಯ ಮೇಲೋ ಎಂಬುದನ್ನು ಬರೆಯಬೇಕು. ಒಣಗಿದ ಹಾವಸೆಗೆ ನೀರು ಹನಿಸಿದರೆ ಎಲೆಗಳು ಮತ್ತೆ ಅರಳುತ್ತವೆ. ಪ್ರಭೇದದ ಖಚಿತ ನಿರ್ಧಾರಕ್ಕೆ ಸೂಕ್ಷ್ಮದರ್ಶಕ, ತಜ್ಞರ ನೆರವು ಬೇಕು.

ಕುಷ್ಟಗಿ ಭಾಗದಲ್ಲಿ ಗ್ರಾನೈಟ್‌ಗಾಗಿ ಬಂಡೆಗಳನ್ನು ಸೀಳಲಾಗುತ್ತಿದೆ. ಬಂಡೆ ಹೋದರೆ ಅದರ ಮೇಲಿನ ಹಸಿರೂ ಹೋಗುತ್ತದೆ. ಹೆಸರು ಬರೆದಿಡದಿದ್ದರೆ, ಕಳೆದುಕೊಂಡದ್ದು ಏನೆಂಬುದೂ ಮುಂದಿನವರಿಗೆ ತಿಳಿಯದು.