ಹಿಮದ ಮರುಭೂಮಿಗೆ ಹೋದ ಕ್ಯಾಪ್ಟನ್ ಸ್ಕಾಟ್



ಈ ಸಲ ನಾನು ಕ್ಯಾಪ್ಟನ್ ರಾಬರ್ಟ್ ಫಾಲ್ಕನ್ ಸ್ಕಾಟನ ಜೀವನ ಬರೆಯುತ್ತಿದ್ದೇನೆ. ಇವನು 1868ನೇ ಇಸವಿ ಜೂನ್ 6ರಂದು ಇಂಗ್ಲೆಂಡಿನ ಪ್ಲಿಮತ್ ಹತ್ತಿರ ಹುಟ್ಟಿದ. 13ನೇ ವಯಸ್ಸಿಗೇ ನೌಕಾಪಡೆಯ ತರಬೇತಿ ಹಡಗಿಗೆ ಸೇರಿದ. ಅಂದರೆ ಈಗ ನನಗಿರುವಷ್ಟೇ ವಯಸ್ಸು! 1901ರಲ್ಲಿ ಡಿಸ್ಕವರಿ ಎಂಬ ಹಡಗಿನ ನಾಯಕನಾಗಿ ಅಂಟಾರ್ಕ್ಟಿಕಾಕ್ಕೆ ಹೊರಟ.

1903ರ ಡಿಸೆಂಬರಿನಲ್ಲಿ ಅವನೂ ಇಬ್ಬರು ಜೊತೆಗಾರರೂ ಹಿಮದ ಪ್ರಸ್ಥಭೂಮಿಯಿಂದ ಕೆಳಗೆ ಇಳಿಯುತ್ತಾ ಒಂದು ಕಣಿವೆಗೆ ಬಂದರು. ಅಲ್ಲಿ ಹಿಮವೇ ಇಲ್ಲ! ಬರೀ ಕಲ್ಲು, ಮರಳು. ಒಂದು ಹುಲ್ಲುಕಡ್ಡಿಯೂ ಇಲ್ಲ. ಸಿಕ್ಕಿದ್ದು ಒಂದು ಸೀಲ್ ಪ್ರಾಣಿಯ ಅಸ್ಥಿಪಂಜರ ಮಾತ್ರ. ಈಗ ಅಂಥ ಜಾಗಗಳನ್ನು ಒಣ ಕಣಿವೆಗಳು ಅಂತ ಕರೆಯುತ್ತಾರೆ. ಸುತ್ತಲಿನ ಬೆಟ್ಟಗಳು ಹಿಮನದಿಯನ್ನು ತಡೆಯುತ್ತವೆ. ಮೇಲಿನಿಂದ ಬೀಸುವ ಒಣಗಾಳಿ ಬಿದ್ದ ಚೂರುಪಾರು ಹಿಮವನ್ನೂ ಆವಿ ಮಾಡಿಬಿಡುತ್ತದೆ.

ಆ ಕಣಿವೆ ಮಾತ್ರ ಅಲ್ಲ, ಇಡೀ ಅಂಟಾರ್ಕ್ಟಿಕಾವೇ ಮರುಭೂಮಿ. ಮರುಭೂಮಿ ಅಂದ ಕೂಡಲೇ ಬಿಸಿಲು, ಒಂಟೆ ನೆನಪಾಗುತ್ತದೆ ಅಲ್ವಾ? ಆದರೆ ಲೆಕ್ಕ ಬಿಸಿಲಿನದ್ದಲ್ಲ, ಮಳೆಯದ್ದು. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಅಥವಾ ಹಿಮ ಬಿದ್ದರೆ ಅದು ಮರುಭೂಮಿ. ಹಿಮವನ್ನು ಕರಗಿಸಿದ ನೀರಿನ ಲೆಕ್ಕದಲ್ಲಿ ಅಳೆಯುತ್ತಾರೆ. ದಕ್ಷಿಣ ಧ್ರುವದಲ್ಲಿ ಅದು ವರ್ಷಕ್ಕೆ 100 ಮಿ.ಮೀ. ಕೂಡ ಆಗುವುದಿಲ್ಲ. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನಕ್ಕೆ ಹೊಯ್ಯುವುದುಂಟು!

ಕಾರಣ ನಮ್ಮ ಕುಬಟೂರಿನ ಗದ್ದೆ ಬದುವಿನಲ್ಲೇ ಗೊತ್ತಾಗುತ್ತದೆ. ಚಳಿಗಾಲದ ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿಯಿಂದ ಒದ್ದೆ ಇರುತ್ತದೆ. ರಾತ್ರಿ ಗಾಳಿ ತಣ್ಣಗಾದರೆ ಅದಕ್ಕೆ ನೀರಿನ ಆವಿಯನ್ನು ಹಿಡಿದುಕೊಳ್ಳೋಕೆ ಆಗಲ್ಲ, ಕೆಳಗೆ ಬಿಟ್ಟುಬಿಡುತ್ತದೆ. ಧ್ರುವದ ಗಾಳಿ ಇದಕ್ಕಿಂತ ಎಷ್ಟೋ ಪಾಲು ತಣ್ಣಗೆ. ಅದರಲ್ಲಿ ಬಿಡೋಕೆ ಆವಿಯೇ ಇರಲ್ಲ. ಜೊತೆಗೆ ಅದು ಭಾರವಾಗಿ ಕೆಳಕ್ಕೆ ಇಳಿಯುತ್ತದೆ, ಮೇಲೇರಿ ಮೋಡ ಕಟ್ಟುವುದಿಲ್ಲ. ಹಾಗಾದ್ರೆ ಸರಾಸರಿ ಸುಮಾರು 2 ಕಿ.ಮೀ. ದಪ್ಪದ ಹಿಮ ಎಲ್ಲಿಂದ ಬಂತು? ಬೀಳುವುದು ಸ್ವಲ್ಪವೇ, ಆದರೆ ಕರಗುವುದಿಲ್ಲ. ಹುಂಡಿಯಲ್ಲಿ ಪೈಸೆ ಕೂಡಿದ ಹಾಗೆ ಲಕ್ಷಾಂತರ ವರ್ಷ ಕೂಡಿದೆ.

ಸ್ಕಾಟನು 1910ರಲ್ಲಿ ಟೆರಾ ನೋವಾ ಹಡಗಿನಲ್ಲಿ ಮತ್ತೆ ಹೊರಟ. ನಾಲ್ವರು ಜೊತೆಗಾರರೊಂದಿಗೆ 1912ರ ಜನವರಿ 17ರಂದು ದಕ್ಷಿಣ ಧ್ರುವ ಮುಟ್ಟಿದ. ಆದರೆ ನಾರ್ವೆಯ ಅಮುಂಡ್‌ಸೆನ್ 1911ರ ಡಿಸೆಂಬರ್ 14ರಂದೇ ಬಂದು ಹೋಗಿದ್ದ. ಅಮುಂಡ್‌ಸೆನ್ ನಾಯಿಗಳಿಂದ ಗಾಡಿ ಎಳೆಸಿದ. ಸ್ಕಾಟನ ಕಡೆಯವರು ದಾರಿಯಲ್ಲಿ ಬಹುಪಾಲು ತಾವೇ ಎಳೆದರು. ಇದರಲ್ಲಿ ಅಮುಂಡ್‌ಸೆನ್ನನೇ ಜಾಣ ಅಂತ ನನ್ನ ಅಭಿಪ್ರಾಯ.

ವಾಪಸ್ ಬರುವಾಗ ಎವಾನ್ಸ್ ಸತ್ತ. ಓಟ್ಸನ ಕಾಲು ಚಳಿಗೆ ಕೆಟ್ಟುಹೋಗಿತ್ತು. ತನ್ನಿಂದ ಉಳಿದವರು ಸಾಯಬಾರದೆಂದು ಅವನು ಡೇರೆಯಿಂದ ಬಿರುಗಾಳಿಯೊಳಗೆ ನಡೆದುಬಿಟ್ಟ. ಇದನ್ನು ಓದಿದಾಗ ನನಗೆ ಬಹಳ ಬೇಜಾರಾಯಿತು.

ಇನ್ನೊಂದು ಕಷ್ಟ ಕೇಳಿ. ಸುತ್ತ ಕಣ್ಣು ಹಾಯುವಷ್ಟೂ ನೀರೇ, ಆದರೆ ಎಲ್ಲಾ ಕಲ್ಲಿನ ಹಾಗೆ ಗಟ್ಟಿ. ಹಿಮವನ್ನೇ ತಿಂದರೆ ಮೈಯ ಬಿಸಿ ಹೋಗುತ್ತದೆ. ಸ್ಟೌ ಹಚ್ಚಿ ಕರಗಿಸಿದರೆ ಮಾತ್ರ ಕುಡಿಯಬಹುದು. ದಾರಿಯಲ್ಲಿ ಮೊದಲೇ ಇಟ್ಟುಹೋಗಿದ್ದ ಸೀಮೆಎಣ್ಣೆ ಡಬ್ಬಿ ತೆಗೆದು ನೋಡಿದರೆ ಎಣ್ಣೆ ಕಡಿಮೆಯಾಗಿತ್ತು! ಮುಚ್ಚಳದ ಸಂದಿಯಿಂದ ಹೋಗಿತ್ತು ಅಂತ ಹೇಳುತ್ತಾರೆ. ಕೊನೆಗೆ ಉಳಿದದ್ದು ತಲೆಗೆ ಎರಡು ಲೋಟ ಟೀ ಕಾಯಿಸುವಷ್ಟು ಎಣ್ಣೆ. ಊಟ, ಎಣ್ಣೆ ಎಲ್ಲಾ ಇದ್ದ ದೊಡ್ಡ ಉಗ್ರಾಣ ಬರೀ ಸುಮಾರು 20 ಕಿ.ಮೀ. ದೂರದಲ್ಲಿತ್ತು. ಬಿರುಗಾಳಿ ನಿಲ್ಲಲೇ ಇಲ್ಲ. ಸ್ಕಾಟನು ಮಾರ್ಚ್ 29ರವರೆಗೆ ದಿನಚರಿ ಬರೆದಿದ್ದಾನೆ.

ನವೆಂಬರ್ 12ರಂದು ಹುಡುಕಿಕೊಂಡು ಬಂದವರಿಗೆ ಡೇರೆ ಸಿಕ್ಕಿತು. ಒಳಗೆ ಸ್ಕಾಟ್, ವಿಲ್ಸನ್, ಬೋವರ್ಸ್ ಮೂವರ ದೇಹಗಳು. ಹತ್ತಿರವೇ ಸುಮಾರು 16 ಕೆ.ಜಿ. ಕಲ್ಲುಗಳೂ ಇದ್ದವು. ಅಷ್ಟು ಸುಸ್ತಿನಲ್ಲೂ ಅವನ್ನು ಬಿಸಾಕಿರಲಿಲ್ಲ! ಕೆಲವು ಕಲ್ಲುಗಳಲ್ಲಿ ಗ್ಲೋಸಾಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚು ಇತ್ತು. ಈಗ ಹುಲ್ಲೂ ಹುಟ್ಟದ ಆ ಮರುಭೂಮಿಯಲ್ಲಿ ಕೋಟ್ಯಂತರ ವರ್ಷದ ಹಿಂದೆ ಕಾಡಿತ್ತು ಅಂತ ಅದರಿಂದ ತಿಳಿಯಿತು. ಅದೇ ಗಿಡದ ಅಚ್ಚು ನಮ್ಮ ಪಕ್ಕದ ತೆಲಂಗಾಣದ ಗೋದಾವರಿ ಕಣಿವೆಯ ಕಲ್ಲಿದ್ದಲು ಸೀಮೆಯಲ್ಲೂ ಸಿಗುತ್ತದೆ. ಆಗ ನಮ್ಮ ದೇಶವೂ ಅಂಟಾರ್ಕ್ಟಿಕಾವೂ ಒಂದೇ ನೆಲವಾಗಿದ್ದವು.